ಕುರ್ಚಿಯಿಂದ ಎಬ್ಬಿಸುವ ಹವ್ಯಾಸ

"ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸೋಮಾರಿಯನ್ನು ಎಚ್ಚರಿಸಲು ನಮ್ಮ ಹಿರಿಯರು ಕಟ್ಟಿದ ಮಾತು ಅದು. ಉಳುವುದು, ಬಿತ್ತುವುದು, ಕುಟ್ಟುವುದು, ಬೀಸುವುದು, ಹೊರುವುದು ಇವೇ ದುಡಿಮೆಯಾಗಿದ್ದ ಕಾಲದಲ್ಲಿ ಕುಳಿತವನೆಂದರೆ ದುಡಿಯದವನೆಂದೇ ಅರ್ಥವಾಗಿತ್ತು. ಕುಳಿತೇ ದುಡಿಯಬಹುದು, ಕುಳಿತವನೇ ಹೆಚ್ಚು ಸಂಪಾದಿಸಬಹುದು ಎಂಬ ಕಾಲವೊಂದು ಬಂದೀತೆಂದು ಆ ಗಾದೆಯನ್ನು ಕಟ್ಟಿದವರು ಊಹಿಸಿರಲಾರರು. ಆ ಕಾಲ ಈಗ ಬಂದಿದೆ. ಬ್ಯಾಂಕಿನ ನೌಕರ, ಲೆಕ್ಕಪರಿಶೋಧಕ, ಸರ್ಕಾರಿ ಗುಮಾಸ್ತ, ಪತ್ರಿಕೆಯ ಉಪಸಂಪಾದಕ, ಸಾಫ್ಟ್‌ವೇರ್ ಎಂಜಿನಿಯರು ಇವರೆಲ್ಲರೂ ಕುಳಿತೇ ದುಡಿಯುವವರು. ಇಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದುತ್ತಿರುವ ನಮ್ಮ ವಾಚಕರಲ್ಲಿ ಬಹುಮಂದಿ ನಾಳೆ ಇಂಥದೇ ಒಂದು ಕುರ್ಚಿಯನ್ನು ಸೇರುವವರು.

ಒಂದು ಸಣ್ಣ ಲೆಕ್ಕ ಮಾಡೋಣ. ಇಪ್ಪತ್ತೆರಡನೆಯ ವಯಸ್ಸಿಗೆ ಕೆಲಸಕ್ಕೆ ಸೇರಿ ಅರವತ್ತಕ್ಕೆ ನಿವೃತ್ತನಾಗುವವನ ಸೇವಾವಧಿ 38 ವರ್ಷ. ವರ್ಷಕ್ಕೆ 250 ದಿನಗಳಂತೆ, ದಿನಕ್ಕೆ 8 ಗಂಟೆಗಳಂತೆ ಗುಣಿಸಿದರೆ 76,000 ಗಂಟೆಗಳಾಗುತ್ತವೆ. ಹಗಲು ಇರುಳುಗಳನ್ನು ಸೇರಿಸಿ ಎಣಿಸಿದರೂ ಇದು ಎಂಟೂವರೆ ವರ್ಷಗಳಿಗಿಂತ ಹೆಚ್ಚು. ಇಷ್ಟು ಕಾಲವನ್ನು ಒಂದೇ ಭಂಗಿಯಲ್ಲಿ ಕಳೆಯುವುದಕ್ಕೆ ನಾವು ಏನು ಸಿದ್ಧತೆ ಮಾಡಿಕೊಂಡಿದ್ದೇವೆ? ಲೆಕ್ಕಪತ್ರ ಬರೆಯುವುದನ್ನು ಕಲಿಯುತ್ತೇವೆ, ಗಣಕಯಂತ್ರವನ್ನು ನಡೆಸುವುದನ್ನು ಕಲಿಯುತ್ತೇವೆ. ಆ ಕೆಲಸ ಮುಗಿದ ಮೇಲೆ ದೇಹವನ್ನೂ ಮನಸ್ಸನ್ನೂ ಮತ್ತೆ ಸ್ವಸ್ಥಿತಿಗೆ ತರುವುದನ್ನು ಯಾರೂ ಕಲಿಸುವುದಿಲ್ಲ.

ಇದು ಮುಂದಿನ ಮಾತಾಯಿತು, ಈಗೇಕೆ ಚಿಂತೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ವಿದ್ಯಾರ್ಥಿಯೂ ಮೇಜಿನ ಉದ್ಯೋಗಿಯೇ ಅಲ್ಲವೆ? ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಬೆಂಚು, ಸಂಜೆ ಮನೆಪಾಠದ ಬೆಂಚು, ರಾತ್ರಿ ಮನೆಯ ಮೇಜು. ನಡುವೆ ವಿರಾಮ ದೊರೆತರೆ ಕೈಯಲ್ಲಿ ಮೊಬೈಲ್. ಸಂಬಳವೊಂದನ್ನು ಬಿಟ್ಟರೆ ಗುಮಾಸ್ತನ ದಿನಚರಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ನಾವೂ ಬಹುಕಾಲ ಕಡತಗಳ ನಡುವೆ ಕುಳಿತು ಸವೆದವರೇ. ಕಾಲೇಜಿನ ದಿನಗಳಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಮಾತನಾಡುತ್ತಲೇ ಹತ್ತುತ್ತಿದ್ದೆವು. ಕಛೇರಿ ಸೇರಿ ಹದಿನೈದು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಮನೆಯ ಮಕ್ಕಳೊಡನೆ ಅದೇ ಮೆಟ್ಟಿಲುಗಳನ್ನು ಹತ್ತಲು ಹೊರಟೆವು. ನಂದಿಯ ವಿಗ್ರಹ ಕಾಣುವುದಕ್ಕೆ ಮೊದಲೇ ಮೂರು ಬಾರಿ ಕುಳಿತು ಏದುಸಿರು ಬಿಟ್ಟೆವು. ಮಕ್ಕಳು ಮೇಲಿನಿಂದ ಕೂಗಿ ಕರೆಯುತ್ತಿದ್ದರು. ನಮಗೆ ಕಾಯಿಲೆಯೇನೂ ಇರಲಿಲ್ಲ. ಕಾಲುಗಳು ತಮ್ಮ ಕೆಲಸವನ್ನು ಮರೆತಿದ್ದವು, ಅಷ್ಟೆ.

ಕುಳಿತು ದುಡಿಯುವವರ ಈ ತೊಂದರೆ ಹೊಸದೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜಿನಿ ಬೇರೆ ಬೇರೆ ಕಸುಬಿನವರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ವಿಸ್ತರಿಸಿದನು. ಬರವಣಿಗೆಯ ಕೆಲಸದವರಿಗೆ ಬರುವ ಬಾಧೆಗಳಿಗೆ ಅವನು ಮೂರು ಕಾರಣಗಳನ್ನು ಕೊಟ್ಟಿದ್ದಾನೆ. ಎಡೆಬಿಡದೆ ಕುಳಿತಿರುವುದು ಮೊದಲನೆಯದು. ಕೈಯನ್ನು ಒಂದೇ ರೀತಿಯಲ್ಲಿ ಸದಾ ಆಡಿಸುತ್ತಿರುವುದು ಎರಡನೆಯದು. ಲೆಕ್ಕದಲ್ಲಿ ತಪ್ಪು ಬಾರದಿರಲೆಂದು ಮನಸ್ಸನ್ನು ಬಿಗಿಹಿಡಿದಿರುವುದು ಮೂರನೆಯದು. ಲೇಖನಿಯ ಜಾಗದಲ್ಲಿ ಕೀಲಿಮಣೆಯನ್ನಿಟ್ಟರೆ ಈ ಮಾತು ಇಂದಿನ ಕಛೇರಿಗೂ ಹಾಗೆಯೇ ಹೊಂದುತ್ತದೆ. ಕುಳಿತು ದುಡಿಯುವವರು ರಜಾದಿನಗಳಲ್ಲಾದರೂ ಮೈಗೆ ವ್ಯಾಯಾಮ ಕೊಟ್ಟು, ಹಲವು ದಿನಗಳ ಕೇಡನ್ನು ಒಂದು ದಿನದಲ್ಲಿ ಕೊಂಚ ಮಟ್ಟಿಗಾದರೂ ಕಳೆದುಕೊಳ್ಳಬೇಕೆಂದು ಅವನು ಸಲಹೆ ಮಾಡಿದನು.

ರಾಮಜಿನಿಯದು ಅನುಭವದ ಮಾತು. ಅದಕ್ಕೆ ಎಣಿಕೆಯ ಆಧಾರ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕ ಚೀಟಿ ಕೊಡುವುದಕ್ಕಾಗಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಇಬ್ಬರೂ ಒಂದೇ ಬಗೆಯ ಮನೆತನಗಳವರು, ಒಂದೇ ಸಂಸ್ಥೆಯ ನೌಕರರು. ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಇವರ ಆರೋಗ್ಯದ ದಾಖಲೆಗಳನ್ನು ಹೋಲಿಸಿ ನೋಡಿದರು. ನಿರ್ವಾಹಕರಲ್ಲಿ ಹೃದ್ರೋಗ ಚಾಲಕರಿಗಿಂತ ಗಮನಾರ್ಹವಾಗಿ ಕಡಿಮೆಯಾಗಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಅದರ ಉಗ್ರತೆಯೂ ಕಡಿಮೆ. ನಡೆದು ಅಂಚೆ ಹಂಚುವವರನ್ನು ಕುಳಿತು ಕೆಲಸ ಮಾಡುವ ಗುಮಾಸ್ತರೊಡನೆ ಹೋಲಿಸಿದಾಗಲೂ ಇಂಥದೇ ಅಂತರ ಕಂಡಿತು. ಈ ವರದಿ 1953ರಲ್ಲಿ ಪ್ರಕಟವಾಯಿತು.

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಸಂದೇಹವನ್ನು ಎತ್ತಬೇಕು. ಚಾಲಕರು ಕುಳಿತುದರಿಂದ ರೋಗಿಗಳಾದರೊ, ಅಥವಾ ಮೊದಲೇ ಸ್ಥೂಲಕಾಯರಾಗಿದ್ದವರು ಚಾಲಕರ ಕೆಲಸವನ್ನು ಆರಿಸಿಕೊಂಡರೊ? ಈ ಸಂದೇಹ ಮಾರಿಸರಿಗೂ ಬಂದಿತು. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಯ ಪುಸ್ತಕಗಳನ್ನು ಅವರು ತೆಗೆಸಿ ನೋಡಿದರು. ಕೆಲಸಕ್ಕೆ ಸೇರುವಾಗಲೇ ಚಾಲಕರ ಸೊಂಟದ ಸುತ್ತಳತೆ ನಿರ್ವಾಹಕರಿಗಿಂತ ಹೆಚ್ಚಾಗಿತ್ತು! ಈ ಸಂಗತಿಯನ್ನು ಅವರು ಬಚ್ಚಿಡಲಿಲ್ಲ. 1956ರಲ್ಲಿ ತಾವೇ ಪ್ರಕಟಿಸಿದರು. ತಮ್ಮ ಊಹೆಗೆ ಅಡ್ಡಬರುವ ಸಾಕ್ಷ್ಯವನ್ನು ತಾವೇ ಹುಡುಕಿ ಮುಂದಿಡುವುದು ವಿಜ್ಞಾನದ ಒಳ್ಳೆಯ ನಡತೆ.

ಆದುದರಿಂದ ಮಾರಿಸರು ಪ್ರಶ್ನೆಯನ್ನೇ ಬದಲಿಸಿಕೊಂಡರು. ಒಂದೇ ಬಗೆಯ ಮೇಜಿನ ಉದ್ಯೋಗದಲ್ಲಿರುವವರನ್ನೇ ತೆಗೆದುಕೊಂಡು, ಅವರು ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾರೆಂದು ನೋಡಿದರೆ ಹೇಗೆ? ಬ್ರಿಟನ್ನಿನ ಸರ್ಕಾರಿ ಕಛೇರಿಗಳಲ್ಲಿ ಕೆಲಸ ಮಾಡುತ್ತಿದ್ದ, ನಡುವಯಸ್ಸಿನ ಸುಮಾರು 17,000 ಮಂದಿ ಅಧಿಕಾರಿಗಳನ್ನು ಆರಿಸಿಕೊಂಡರು. ಹಿಂದಿನ ಶುಕ್ರವಾರ ಮತ್ತು ಶನಿವಾರ ತಾವು ಮಾಡಿದ್ದನ್ನೆಲ್ಲ ಒಂದು ಸೋಮವಾರ ಬೆಳಗ್ಗೆ ಬರೆದುಕೊಡುವಂತೆ ಅವರನ್ನು ಕೇಳಿದರು. ಅನಂತರ ಅವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಈಜು, ಬಿರುಸಾದ ನಡಿಗೆ, ತೋಟದಲ್ಲಿ ಅಗೆಯುವ ಕೆಲಸ ಮೊದಲಾದ, ಉಸಿರು ಜೋರಾಗುವಂಥ ಹವ್ಯಾಸಗಳಿದ್ದವರಿಗೆ ಹೃದ್ರೋಗದ ಅಪಾಯ ಇತರರಿಗಿದ್ದುದರ ಸುಮಾರು ಮೂರನೆಯ ಒಂದು ಪಾಲು ಮಾತ್ರವೆಂದು 1973ರ ವರದಿಯಲ್ಲಿ ತಿಳಿಸಿದರು. ಕುರ್ಚಿಗಳೆಲ್ಲ ಒಂದೇ ಬಗೆಯವು; ಭೇದವಿದ್ದುದು ಬಿಡುವಿನಲ್ಲಿ.

ನಮ್ಮ ವಾಚಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸುಮಾರು 17,000 ಹಳೆಯ ವಿದ್ಯಾರ್ಥಿಗಳನ್ನು ಕುರಿತು ಪ್ಯಾಫೆನ್‌ಬಾರ್ಗರ್ ಎಂಬ ವೈದ್ಯರು ನಡೆಸಿದ ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಕಾಲೇಜಿನಲ್ಲಿ ಹೆಸರಾಂತ ಆಟಗಾರರಾಗಿದ್ದು ಆಮೇಲೆ ಎಲ್ಲವನ್ನೂ ಬಿಟ್ಟು ಕುಳಿತವರಿಗೆ ಹಳೆಯ ಆಟದಿಂದ ರಕ್ಷಣೆ ದೊರೆಯಲಿಲ್ಲ. ಕಾಲೇಜಿನಲ್ಲಿ ಆಟಗಾರರಲ್ಲದಿದ್ದರೂ ಮುಂದೆ ಮೈಮುರಿದು ಆಡುವ, ನಡೆಯುವ ಅಭ್ಯಾಸ ಬೆಳೆಸಿಕೊಂಡವರಿಗೆ ಅದು ದೊರೆಯಿತು. ಬ್ರಿಟನ್ನಿನ ಅಧಿಕಾರಿಗಳಲ್ಲಿಯೂ ಮುಂದೆ ಇದೇ ಸಂಗತಿ ಕಂಡುಬಂತು. ವ್ಯಾಯಾಮದ ಫಲ ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಕೂಡಿಬರುವಂಥದಲ್ಲ. ಅಂದಂದಿನ ಅಡಿಗೆಯನ್ನು ಅಂದಂದೇ ಮಾಡಿಕೊಳ್ಳಬೇಕು. ಕಾಲೇಜಿನ ಗೋಡೆಯ ಮೇಲೆ ತೂಗುವ ಪದಕ ನಲವತ್ತನೆಯ ವಯಸ್ಸಿನ ಹೃದಯವನ್ನು ಕಾಯುವುದಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು ಇದರಿಂದಲೇ ಹುಟ್ಟುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಪ್ರತಿಯೊಬ್ಬರೂ, ಕಛೇರಿಯ ಕಾಲದಲ್ಲಿಯೂ ತಮ್ಮೊಡನೆ ಬರಬಲ್ಲ, ಮೈಗೆ ಕೆಲಸ ಕೊಡುವ ಒಂದಾದರೂ ಹವ್ಯಾಸವನ್ನು ಹಿಡಿಯಬೇಕು. ಹನ್ನೊಂದು ಜನ ಸೇರಿದರೆ ಮಾತ್ರ ನಡೆಯುವ ಆಟ ಒಳ್ಳೆಯದೇ. ಆದರೆ ಹತ್ತು ಜನ ಹತ್ತು ಊರು ಸೇರಿದ ಮೇಲೆ ಅದು ನಿಲ್ಲುತ್ತದೆ. ಒಬ್ಬರೇ ಆದರೂ, ಯಾವ ಊರಿಗೆ ವರ್ಗವಾದರೂ ಮುಂದುವರಿಯುವ ಹವ್ಯಾಸ ಬೇಕು.

ಕುಳಿತಿರುವುದರಿಂದ ದೇಹದಲ್ಲಿ ಆಗುವುದೇನು ಎಂಬುದನ್ನು ಸ್ವಲ್ಪ ನೋಡೋಣ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿಸಿ, ಕಾಲಿನ ಅಭಿಧಮನಿಗಳಲ್ಲಿರುವ ರಕ್ತವನ್ನು ಹೃದಯದ ಕಡೆಗೆ ಒತ್ತುತ್ತವೆ. ಅಭಿಧಮನಿಗಳೊಳಗಿನ ಕವಾಟಗಳು ಅದನ್ನು ಹಿಂದಕ್ಕೆ ಜಾರಗೊಡುವುದಿಲ್ಲ. ಗಂಟೆಗಟ್ಟಲೆ ಕುಳಿತವನಲ್ಲಿ ಈ ಪಂಪು ನಿಂತಿರುತ್ತದೆ. ದೀರ್ಘ ಪ್ರಯಾಣದ ಕೊನೆಯಲ್ಲಿ ಪಾದಗಳು ಊದಿಕೊಳ್ಳುವುದನ್ನು ಎಲ್ಲರೂ ಬಲ್ಲರು. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಸೆಳೆದುಕೊಳ್ಳಬಲ್ಲದು. ಸ್ನಾಯು ಸುಮ್ಮನಿದ್ದರೆ ಆ ಸಕ್ಕರೆಯನ್ನು ಸಾಗಿಸುವ ಹೊರೆಯೆಲ್ಲ ಇನ್ಸುಲಿನ್ನಿನ ಮೇಲೆಯೇ ಬೀಳುತ್ತದೆ.

ಇನ್ನು ಮನಸ್ಸಿನ ಒತ್ತಡದ ಮಾತು. ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯವೂ ಕೋಪವೂ ಪ್ರಾಣಿಯ ದೇಹವನ್ನು ಹೋರಾಟಕ್ಕೆ ಅಥವಾ ಓಟಕ್ಕೆ ಹೇಗೆ ಅಣಿಗೊಳಿಸುತ್ತವೆಂದು ವಿವರಿಸಿದರು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ನನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಹಾಕುತ್ತದೆ. ಜಠರ ಮತ್ತು ಕರುಳಿನ ಕಡೆಗೆ ಹೋಗುವ ರಕ್ತ ಕಡಮೆಯಾಗಿ ಸ್ನಾಯುಗಳ ಕಡೆಗೆ ತಿರುಗುತ್ತದೆ. ಚಿರತೆಯನ್ನು ಕಂಡ ಜಿಂಕೆಗೆ ಇದು ಜೀವ ಉಳಿಸುವ ಏರ್ಪಾಡು. ಮೇಲಧಿಕಾರಿಯ ಕಟುವಾದ ಟಿಪ್ಪಣಿಯನ್ನು ಓದಿದ ಗುಮಾಸ್ತನಲ್ಲಿಯೂ, ಪರೀಕ್ಷೆಯ ವೇಳಾಪಟ್ಟಿಯನ್ನು ಕಂಡ ವಿದ್ಯಾರ್ಥಿಯಲ್ಲಿಯೂ ಇದೇ ಏರ್ಪಾಡು ಎಚ್ಚರಗೊಳ್ಳುತ್ತದೆ. ಆದರೆ ಜಿಂಕೆ ಓಡುತ್ತದೆ, ಇವರು ಓಡುವುದಿಲ್ಲ. ದೇಹ ಓಟಕ್ಕೆ ಸಿದ್ಧವಾಗಿದ್ದರೂ ಕಾಲುಗಳು ಮೇಜಿನ ಕೆಳಗೆ ಮಡಿಚಿಕೊಂಡೇ ಇರುತ್ತವೆ. ದಿನವೂ ಹೀಗಾದರೆ ನಿದ್ರೆ ಕೆಡುವುದು, ರಕ್ತದ ಒತ್ತಡ ಏರುವುದು ಆಶ್ಚರ್ಯವಲ್ಲ. ಕ್ರಮವಾಗಿ ಮೈಗೆ ಕೆಲಸ ಕೊಡುವವರಲ್ಲಿ ಕಳವಳವೂ ಖಿನ್ನತೆಯೂ ಕಡಮೆಯಾಗುತ್ತವೆಂದು ಅನೇಕ ಅಧ್ಯಯನಗಳು ತೋರಿಸಿವೆ.

ಮನಸ್ಸಿಗೆ ಇನ್ನೊಂದು ಚಾಳಿಯುಂಟು. ಹಸು ಸಂಜೆ ಕೊಟ್ಟಿಗೆಯಲ್ಲಿ ಮಲಗಿ ಹಗಲು ಮೇದದ್ದನ್ನು ಮೆಲುಕು ಹಾಕುವಂತೆ, ಮನಸ್ಸು ಕಛೇರಿಯ ಕಹಿಯನ್ನು ಮನೆಗೆ ತಂದು ಮೆಲುಕು ಹಾಕುತ್ತದೆ. ಹಸುವಿಗೆ ಅದರಿಂದ ಪುಷ್ಟಿ, ನಮಗೆ ಕೇವಲ ಆಯಾಸ. "ಯೋಚಿಸಬೇಡ" ಎಂದು ಹೇಳಿದರೆ ಮನಸ್ಸು ಕೇಳುವುದಿಲ್ಲ. ಅದರ ಮುಂದೆ ಬೇರೊಂದು ಮೇವನ್ನು ಇಡಬೇಕು.

ನಮಗೆ ಹವ್ಯಾಸಗಳಿಲ್ಲವೆ, ಸಿನಿಮಾ ನೋಡುತ್ತೇವೆ, ಮೊಬೈಲಿನಲ್ಲಿ ಆಟ ಆಡುತ್ತೇವೆ, ಕಾದಂಬರಿ ಓದುತ್ತೇವೆ ಎಂದು ಕೆಲವರು ಕೇಳಿಯಾರು. ಓದನ್ನು ನಾವು ಎಂದಿಗೂ ಹಳಿಯಲಾರೆವು. ಓದದೆ ಈ ಪತ್ರಿಕೆಯಾದರೂ ಹೇಗೆ ಉಳಿದೀತು? ಚದುರಂಗವೂ ಬುದ್ಧಿಗೆ ಒಳ್ಳೆಯ ಸಾಣೆ. ಆದರೆ ಇವೆಲ್ಲ ಕುಳಿತ ಮೇಲೆ ಮತ್ತೆ ಕುಳಿತುಕೊಳ್ಳುವ ಹವ್ಯಾಸಗಳು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚು ಕಾಲ ಕುಳಿತುಕೊಳ್ಳುವವರೂ ದಿನಕ್ಕೆ 60ರಿಂದ 75 ನಿಮಿಷಗಳಷ್ಟು ಬಿರುಸಾಗಿ ನಡೆದರೆ ಅಥವಾ ಸೈಕಲ್ ತುಳಿದರೆ, ಕುಳಿತುಕೊಳ್ಳುವುದರಿಂದ ಹೆಚ್ಚುವ ಸಾವಿನ ಅಪಾಯ ಬಹುಮಟ್ಟಿಗೆ ಇಲ್ಲವಾಗುವಂತೆ ಕಂಡಿತು. ಗಂಟೆಗಟ್ಟಲೆ ಟೆಲಿವಿಷನ್ನಿನ ಮುಂದೆ ಕುಳಿತುಕೊಳ್ಳುವವರಲ್ಲಿ ಮಾತ್ರ ಅಷ್ಟು ವ್ಯಾಯಾಮದಿಂದಲೂ ಅಪಾಯ ಪೂರ್ತಿಯಾಗಿ ಹೋಗಲಿಲ್ಲ, ಕಡಮೆಯಾಯಿತಷ್ಟೆ. ಕಛೇರಿಯ ಕುರ್ಚಿಯನ್ನು ಬಿಡುವುದು ನಮ್ಮ ಕೈಯಲ್ಲಿಲ್ಲ. ಸಂಜೆಯ ಕುರ್ಚಿಯನ್ನು ಬಿಡುವುದು ನಮ್ಮ ಕೈಯಲ್ಲಿಯೇ ಇದೆ.

ಹಾಗಾದರೆ ಎಂಥ ಹವ್ಯಾಸವನ್ನು ಆರಿಸಬೇಕು? ನಮ್ಮ ದೃಷ್ಟಿಯಲ್ಲಿ ಅದಕ್ಕೆ ಮೂರು ಪರೀಕ್ಷೆಗಳುಂಟು. ಅದು ನಮ್ಮನ್ನು ಕುರ್ಚಿಯಿಂದ ಎಬ್ಬಿಸಬೇಕು. ಅದರಲ್ಲಿ ತೊಡಗಿದಾಗ ಮನಸ್ಸು ಮೆಲುಕು ಹಾಕುವುದನ್ನು ಮರೆಯಬೇಕು. ಬೇರೆಯವರು ಹೇಳದೆ, ನಮ್ಮ ಇಷ್ಟದಿಂದಲೇ ನಾವು ಮರುದಿನವೂ ಅದರ ಬಳಿಗೆ ಹೋಗುವಂತಿರಬೇಕು. ವ್ಯಾಯಾಮಶಾಲೆ ಮೊದಲನೆಯ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅದನ್ನು ಮನಸಾರೆ ಪ್ರೀತಿಸುವವರೂ ಇದ್ದಾರೆ; ಅವರಿಗೆ ಅದೇ ಸಾಕು. ಆದರೆ ಹೊಸವರ್ಷದ ಉತ್ಸಾಹದಲ್ಲಿ ಶುಲ್ಕ ಕಟ್ಟಿ ಯುಗಾದಿಯ ಹೊತ್ತಿಗೆ ಬಿಟ್ಟವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಔಷಧವೆಂದು ಕುಡಿಯುವ ಕಷಾಯವನ್ನು ಬಹುದಿನ ಯಾರೂ ಕುಡಿಯಲಾರರು.

ಮೂರೂ ಪರೀಕ್ಷೆಗಳಲ್ಲಿ ಗೆಲ್ಲುವ ಹವ್ಯಾಸಗಳು ನಮ್ಮ ಸುತ್ತಲೇ ಇವೆ. ಹಕ್ಕಿಗಳನ್ನು ನೋಡುವುದನ್ನೇ ತೆಗೆದುಕೊಳ್ಳಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಒಂದು ಸುತ್ತು ಹೊರಟವನು ಹೆಜ್ಜಾರ್ಲೆಯನ್ನು ನೋಡಲು ನಿಲ್ಲುತ್ತಾನೆ, ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುವುದನ್ನು ನೋಡಲು ಮುಂದೆ ಹೋಗುತ್ತಾನೆ, ಮಿಂಚುಳ್ಳಿ ನೀರಿಗೆ ಧುಮುಕುವ ಗಳಿಗೆಗಾಗಿ ಉಸಿರು ಬಿಗಿಹಿಡಿದು ಕಾಯುತ್ತಾನೆ. ಆ ಗಳಿಗೆಯಲ್ಲಿ ಕಡತವೂ ಇಲ್ಲ, ಪರೀಕ್ಷೆಯೂ ಇಲ್ಲ. ವ್ಯಾಯಾಮಕ್ಕೆಂದು ನಡೆದಿದ್ದರೆ ಎರಡನೆಯ ಮೈಲಿಯಲ್ಲಿ ಬೇಸರ ಬರುತ್ತಿತ್ತು. ಹಕ್ಕಿಯ ಹಿಂದೆ ನಡೆದವನಿಗೆ ಮೈಲಿಯ ನೆನಪೇ ಬರುವುದಿಲ್ಲ. ಮಳೆಗಾಲ ಮುಗಿಯುತ್ತಿರುವಂತೆ ಹಿಮಾಲಯದ ಕಡೆಯಿಂದ ಬೂದು ಸಿಪಿಲೆಗಳು ಬಂದಿಳಿಯುತ್ತವೆ. ಅವು ಬಂದ ದಿನವನ್ನು ವರ್ಷವರ್ಷವೂ ಬರೆದಿಟ್ಟರೆ ಅದು ವಿಜ್ಞಾನಕ್ಕೂ ಉಪಯುಕ್ತ. 2002ರಲ್ಲಿ ಆರಂಭವಾದ ಈ-ಬರ್ಡ್ ಎಂಬ ಜಾಗತಿಕ ದಾಖಲೆಯಲ್ಲಿ ಇಂಥ ಸಾಮಾನ್ಯ ಜನರ ಟಿಪ್ಪಣಿಗಳೇ ಸಂಗ್ರಹವಾಗುತ್ತಿವೆ. ಮೊದಲ ವರ್ಷ ದುರ್ಬೀನು ಕೂಡ ಬೇಡ. ಮನೆಯ ಮುಂದಿನ ಮಡಿವಾಳ ಹಕ್ಕಿಯಿಂದಲೇ ಆರಂಭಿಸಬಹುದು.

ಕೈತೋಟ ಇನ್ನೊಂದು. ಅಗೆಯುವುದು, ಪಾತಿ ಮಾಡುವುದು, ಕಳೆ ಕೀಳುವುದು, ಗೊಬ್ಬರ ಹೊರುವುದು ಇವು ಸಣ್ಣ ಕೆಲಸಗಳಲ್ಲ. ಹತ್ತು ಲೀಟರು ನೀರು ತುಂಬಿದ ಬಿಂದಿಗೆಯಲ್ಲಿ ನೀರಿನ ತೂಕವೇ ಹತ್ತು ಕಿಲೋಗ್ರಾಂ. ನೆಲವಿಲ್ಲದ ಪಟ್ಟಣದವನು ತಾರಸಿಯ ಮೇಲಿನ ಇಪ್ಪತ್ತು ಕುಂಡಗಳಿಗೆ ನೀರನ್ನು ಮೆಟ್ಟಿಲು ಹತ್ತಿ ಒಯ್ದರೆ ಲಂಡನ್ನಿನ ನಿರ್ವಾಹಕನ ಪುಣ್ಯದಲ್ಲಿ ಅವನಿಗೂ ಪಾಲು ದೊರೆಯುತ್ತದೆ. ಗಿಡ ನಮ್ಮನ್ನು ಕಾಯುತ್ತಿರುತ್ತದೆಂಬ ಭಾವನೆಯೇ ನಮ್ಮನ್ನು ಎಬ್ಬಿಸುತ್ತದೆ.

ಸೈಕಲ್, ಈಜು, ಷಟ್ಲ್, ಬೆಟ್ಟ ಹತ್ತುವುದು ಇವುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಮೇರಿ ಮತ್ತು ಪಿಯೆರ್ ಕ್ಯೂರಿ ದಂಪತಿಗಳು 1895ರಲ್ಲಿ ಮದುವೆಯಾದ ಮೇಲೆ ಸೈಕಲ್‌ಗಳನ್ನೇರಿ ಪ್ರವಾಸ ಹೊರಟರೆಂಬುದನ್ನು ಮಾತ್ರ ನೆನಪಿಸುತ್ತೇವೆ. ಕುಣಿತವೂ ಉತ್ತಮ ಹವ್ಯಾಸ. ಸೊಂಟಕ್ಕೆ ಡೊಳ್ಳು ಕಟ್ಟಿ ಹತ್ತು ನಿಮಿಷ ಕುಣಿದು ನೋಡಿದವರಿಗೆ ಅದು ಎಂಥ ವ್ಯಾಯಾಮವೆಂದು ತಿಳಿಯುತ್ತದೆ. ಮಹಿಳೆಯರ ಡೊಳ್ಳಿನ ತಂಡಗಳೂ ಈಗ ಉಂಟು. ಕಾದಂಬರಿ, ನಾಟಕ, ವಿಜ್ಞಾನ ಗ್ರಂಥಗಳೆಂದು ರಾಶಿರಾಶಿಯಾಗಿ ಬರೆದ ಶಿವರಾಮ ಕಾರಂತರು ಯಕ್ಷಗಾನದ ಹೆಜ್ಜೆಗಳನ್ನು ತಾವೇ ಹಾಕಿದವರು. ಬರೆಯುವ ಕೈ ಕುಣಿಯುವ ಕಾಲಿಗೆ ವಿರೋಧಿಯಲ್ಲ.

ಬುದ್ಧಿಯ ಕೆಲಸಕ್ಕೆ ಇವುಗಳಿಂದ ಅಡ್ಡಿಯಾಗುವುದೆಂದು ಹೆದರುವ ತಂದೆತಾಯಂದಿರಿಗೆ ಚಾರ್ಲ್ಸ್ ಡಾರ್ವಿನ್ನನ ಉದಾಹರಣೆ ಸಾಕು. ಇಂಗ್ಲೆಂಡಿನ ಕೆಂಟ್ ಪ್ರಾಂತದ ತನ್ನ ಮನೆಯ ಹಿಂದೆ ಮರಗಳ ತೋಪನ್ನು ಸುತ್ತುವ ಒಂದು ಕಾಲುದಾರಿಯನ್ನು ಅವನು ಮಾಡಿಸಿದ್ದನು. ದಾರಿಯ ಬದಿಯಲ್ಲಿ ಕೆಲವು ಕಲ್ಲುಗಳನ್ನು ಗುಡ್ಡೆ ಹಾಕಿ, ಒಂದೊಂದು ಸುತ್ತು ಮುಗಿದಾಗಲೂ ಒಂದೊಂದು ಕಲ್ಲನ್ನು ಪಕ್ಕಕ್ಕೆ ತಳ್ಳುತ್ತಿದ್ದನು. ದೇಹಸ್ಥಿತಿ ಚೆನ್ನಾಗಿಲ್ಲದ ಆ ಮನುಷ್ಯ ಈ ನಡಿಗೆಯನ್ನು ತನ್ನ ದಿನಚರಿಯ ಅಂಗವಾಗಿ ಮಾಡಿಕೊಂಡಿದ್ದನು. 1859ರಲ್ಲಿ ಪ್ರಕಟವಾದ ಅವನ ಮಹಾಗ್ರಂಥ ರೂಪುಗೊಂಡದ್ದು ಆ ನಡಿಗೆಗಳ ನಡುವೆಯೇ.

ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ ಎಂಬುದು ಎಲ್ಲರ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮೊದಲೇ ಹೇಳಿದ ಅಧ್ಯಯನದಲ್ಲಿ ಬಂದ ಒಂದು ಗಂಟೆಯ ಅಳತೆ ಬಹಳ ಹೊತ್ತು ಕುಳಿತುಕೊಳ್ಳುವವರಿಗೆ ಸಂಬಂಧಿಸಿದುದು. ಅದು ಕೂಡದಿದ್ದರೆ ಅರ್ಧ ಗಂಟೆಯೂ ವ್ಯರ್ಥವಲ್ಲ. ಸಂಜೆ ಮೊಬೈಲಿನ ಮುಂದೆ ಕರಗಿಹೋಗುವ ಹೊತ್ತನ್ನು ಒಂದು ವಾರ ಪ್ರಾಮಾಣಿಕವಾಗಿ ಬರೆದಿಟ್ಟು ನೋಡಿದರೆ ಹೊತ್ತು ಎಲ್ಲಿದೆ ಎಂಬುದು ತಾನಾಗಿಯೇ ತಿಳಿದೀತು. ಆದರೆ ಬಹುಕಾಲ ಕುಳಿತಿದ್ದವರು ಒಮ್ಮೆಲೇ ಬೆಟ್ಟಕ್ಕೆ ನುಗ್ಗಬಾರದು. ಮೆಲ್ಲಗೆ ಆರಂಭಿಸಿ ಹೆಚ್ಚಿಸಬೇಕು. ಎದೆನೋವು, ಉಬ್ಬಸ ಮುಂತಾದುವು ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಹವ್ಯಾಸ ಎಲ್ಲಕ್ಕೂ ಮದ್ದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ತಿಳಿಸಿದವು. ನೌಕರನನ್ನು ರಾತ್ರಿ ಹತ್ತರವರೆಗೆ ಕೂರಿಸಿಕೊಂಡು "ಒತ್ತಡ ಕಳೆಯಲು ಹವ್ಯಾಸ ಬೆಳೆಸಿಕೊಳ್ಳಿ" ಎಂದು ಉಪದೇಶಿಸುವ ಯಜಮಾನನ ಪರವಾಗಿ ನಾವು ಮಾತನಾಡುತ್ತಿಲ್ಲ. ಬಿಡುವು ಇದ್ದರಲ್ಲವೆ ಬಿಡುವಿನ ಹವ್ಯಾಸ?

ಬಿಡುವನ್ನು ಕಸಿಯುವ ಈ ರೂಢಿ ಶಾಲೆಯಲ್ಲಿಯೇ ಆರಂಭವಾಗುತ್ತಿದೆ ಎಂಬುದು ನಮ್ಮ ದೂರು. ನಾವು ಬಲ್ಲ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಅವಧಿಗಳಿದ್ದವು. ಒಂದನ್ನು ಗಣಿತದವರು ತೆಗೆದುಕೊಂಡರು. ದಸರೆಯ ರಜೆ ಮುಗಿದ ಮೇಲೆ ಇನ್ನೊಂದನ್ನು ವಿಜ್ಞಾನದವರು ತೆಗೆದುಕೊಂಡರು. ವೇಳಾಪಟ್ಟಿಯ ಹಾಳೆಯಲ್ಲಿ "ಆಟ" ಎಂಬ ಅಕ್ಷರಗಳು ಮಾತ್ರ ವರ್ಷದ ಕೊನೆಯವರೆಗೂ ಉಳಿದಿದ್ದವು. ಮೈದಾನದಲ್ಲಿ ಅಧ್ಯಾಪಕರ ವಾಹನಗಳು ನಿಲ್ಲತೊಡಗಿದವು. ಆ ಅಧ್ಯಾಪಕರು ಕೆಟ್ಟವರಲ್ಲ. ಫಲಿತಾಂಶದ ಭಯ ಅವರದು. ಆದರೆ ಬಿಡುವೆಂದರೆ ಕದಿಯಬಹುದಾದ ಹೊತ್ತು ಎಂಬ ಪಾಠವನ್ನು ಮಕ್ಕಳು ಅಲ್ಲಿಯೇ ಕಲಿತರು. ಅದನ್ನು ಅವರು ಕಛೇರಿಗೂ ಹೊತ್ತೊಯ್ಯುತ್ತಾರೆ.

ಕಣ್ಣಿನ ಮಾತನ್ನೂ ಇಲ್ಲಿ ಹೇಳಬೇಕು. ಚೀನದ ಗ್ವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಆರು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳ ಮೇಲೆ ಆ ಮಕ್ಕಳಲ್ಲಿ ಶೇಕಡ 30ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಬಂದಿದ್ದರೆ, ಉಳಿದ ಆರು ಶಾಲೆಗಳಲ್ಲಿ ಶೇಕಡ 39ಕ್ಕಿಂತ ಹೆಚ್ಚು ಮಂದಿಗೆ ಬಂದಿತ್ತು. 2015ರಲ್ಲಿ ಇದು ಪ್ರಕಟವಾಯಿತು. ಕಸಿದುಕೊಂಡ ಒಂದು ಆಟದ ಅವಧಿಯ ಉದ್ದವೂ ಸುಮಾರು 40 ನಿಮಿಷವೇ ಎಂಬುದನ್ನು ಮುಖ್ಯೋಪಾಧ್ಯಾಯರು ಗಮನಿಸಬೇಕೆಂದು ಬೇಡುತ್ತೇವೆ.

ಹುಡುಗಿಯರ ವಿಷಯದಲ್ಲಿ ಈ ಅನ್ಯಾಯ ಇಮ್ಮಡಿ. ಹುಡುಗ ಸಂಜೆ ಹೊರಗೆ ಹೋದರೆ ಆಟ, ಹುಡುಗಿ ಹೋದರೆ ಪ್ರಶ್ನೆ. ಕೆರೆಯ ಏರಿಯಲ್ಲಿ ದೀಪ, ಉದ್ಯಾನದಲ್ಲಿ ಕಾವಲು, ಮನೆಯವರಲ್ಲಿ ನಂಬಿಕೆ ಈ ಮೂರೂ ಇದ್ದರೆ ಅವಳ ಹವ್ಯಾಸವೂ ಉಳಿಯುತ್ತದೆ. ಇವುಗಳಲ್ಲಿ ಎರಡನ್ನು ನಗರಸಭೆ ಒದಗಿಸಬೇಕು; ಮೂರನೆಯದನ್ನು ತಂದೆತಾಯಿಗಳು.

ವಿದ್ಯಾರ್ಥಿಮಿತ್ರರಲ್ಲಿ ನಮ್ಮದು ಒಂದೇ ವಿನಂತಿ. ಈ ತಿಂಗಳು ಮುಗಿಯುವುದರೊಳಗೆ, ಕುರ್ಚಿಯಿಂದ ಎಬ್ಬಿಸುವ ಒಂದು ಹವ್ಯಾಸವನ್ನು ಆರಿಸಿಕೊಂಡು ಆರಂಭಿಸಿ. ಅದರಲ್ಲಿ ಬಹುಮಾನ ಗೆಲ್ಲಬೇಕಾಗಿಲ್ಲ. ಅರವತ್ತನೆಯ ವಯಸ್ಸಿನಲ್ಲಿಯೂ ಅದು ನಿಮ್ಮ ಸಂಗಡ ಇದ್ದರೆ ಅದೇ ಬಹುಮಾನ. ನಾವಂತೂ ಆ ದಿನದ ಅವಮಾನವಾದ ಮೇಲೆ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಬಳಿಗೆ ಹೋಗುತ್ತಿದ್ದೇವೆ. ಮೊದಲ ತಿಂಗಳು ನಂದಿಯವರೆಗೆ ಹೋಗಿ ಇಳಿದು ಬಂದೆವು. ಈಗ ತುದಿಯನ್ನು ಮುಟ್ಟುತ್ತೇವೆ; ನಡುವೆ ಒಮ್ಮೆ ಕುಳಿತುಕೊಳ್ಳುವುದುಂಟು, ಆದರೆ ಅದು ಕುಟ್ರುಹಕ್ಕಿಯ ಕೂಗನ್ನು ಕೇಳುವುದಕ್ಕೆ.